ನಲವತ್ತು ನಿಮಿಷ

"ನಿಮ್ಮ ಕಾಲಿಗೆ ಎಂತ ಆಗಿದೆ?"

ಮಿಯಾಪುರದ ಮೆಟ್ರೊ ಸ್ಟೇಷನ್ನಿನ ಕೆಳಗೆ, ಬೆಳಗಿನ ಆರು ಗಂಟೆಗೆ, ಮೂವತ್ತು ಜನರ ಎದುರಿಗೆ ಅವನು ಹಾಗೆ ಕೇಳಿಬಿಟ್ಟ.

ಸುಮಂಗಲಾಳ ಕಿವಿ ಬಿಸಿಯಾಯಿತು. ಮಲ್ಕಾಜ್‌ಗಿರಿಯಿಂದ ಅಲ್ಲಿಗೆ ಬರಲು ನಸುಕಿನಲ್ಲೇ ಎದ್ದು ಆಟೊ ಹಿಡಿದವಳು ಅವಳು. ದಾರಿಯುದ್ದಕ್ಕೂ ದೇವರಲ್ಲಿ ಬೇಡಿಕೊಂಡದ್ದು ಒಂದೇ, ಯಾರೂ ಕಾಲಿನ ಬಗ್ಗೆ ಕೇಳದಿರಲಿ ಎಂದು. ದೇವರಿಗೆ ಅಷ್ಟು ಬೆಳಿಗ್ಗೆ ಎಚ್ಚರವಾಗಿರಲಿಲ್ಲವೋ ಏನೋ!

"ಏನೂ ಆಗಿಲ್ರಿ," ಎಂದಳು. "ಆಗೋದೆಲ್ಲಾ ಒಂಬತ್ತು ವರ್ಷದಾಕಿ ಇದ್ದಾಗ ಆಗಿ ಮುಗದೈತಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. ಬಗ್ಗಿ ಅವಳ ಎಡಗಾಲಿನ ಬೂಟನ್ನು ನೋಡಿದ. ಅದರ ಅಟ್ಟೆ ಬಲಗಾಲಿನದಕ್ಕಿಂತ ಒಂದು ಹೆಬ್ಬೆರಳಿನಷ್ಟು ದಪ್ಪಗಿತ್ತು. ಹುಡುಗಿಯಾಗಿದ್ದಾಗ ಮಹಡಿ ಮೆಟ್ಟಿಲಿನಿಂದ ಬಿದ್ದು ಮುರಿದ ಮೂಳೆ ಸರಿಯಾಗಿ ಕೂಡದೆ, ಆ ಕಾಲು ಗಿಡ್ಡವಾಗಿಯೇ ಉಳಿದಿತ್ತು. ಅವನು ಎದ್ದು ನಿಂತು, ಹೆಸರು ಬರೆದುಕೊಂಡು, ಮುಂದಿನವರ ಬೂಟು ನೋಡಲು ಹೋದ. ಕ್ಷಮಿಸಿ ಎಂಬ ಒಂದು ಮಾತೂ ಇಲ್ಲ.

'ಎಷ್ಟು ಸೊಕ್ಕು ಇವನಿಗೆ...' ಎಂದುಕೊಂಡಳು ಸುಮಂಗಲಾ.

ಅವನ ಹೆಸರು ಕೌಸ್ತುಭ. ಊರು ಕುಂದಾಪುರ, ಕೆಲಸ ಕೊಂಡಾಪುರ. ಈ ಪ್ರಾಸ ಹೇಳಿ ನಗದ ಕನ್ನಡಿಗ ಹೈದರಾಬಾದಿನಲ್ಲಿ ಯಾರೂ ಇರಲಿಲ್ಲ. ಅವನಿಗೆ ಮಾತ್ರ ಕೇಳಿ ಕೇಳಿ ಸಾಕಾಗಿತ್ತು. ಭಾನುವಾರ ಬಂತೆಂದರೆ ಅವನು 'ಭಾನುವಾರದ ಬಳಗ'ದ ಹಿಂದಾಳು.

ಬಳಗದ ಕಥೆಯನ್ನು ಸ್ವಲ್ಪ ಹೇಳಬೇಕು. ಕಲಬುರಗಿ ಕಡೆಯ ಶಿವಪ್ರಕಾಶ ಎಂಬ ನಿವೃತ್ತ ಮೇಷ್ಟರು ಕಟ್ಟಿದ ಗುಂಪು ಅದು. ಹೈದರಾಬಾದಿನ ಕನ್ನಡದವರು ಭಾನುವಾರ ಒಟ್ಟಾಗಿ ಸುತ್ತಲಿನ ಗುಡ್ಡ ಹತ್ತುವುದು, ಬುತ್ತಿ ಬಿಚ್ಚಿ ಉಣ್ಣುವುದು, ಸಂಜೆಗೆ ಮನೆ ಸೇರುವುದು. ಋತುವಿಗೊಂದು ದೊಡ್ಡ ನಡಿಗೆ. ಮಳೆಗಾಲಕ್ಕೆ ಅನಂತಗಿರಿ, ಚಳಿಗೆ ರಾಚಕೊಂಡ, ಮುತ್ತುಗ ಹೂ ಬಿಡುವಾಗ ದೇವರಕೊಂಡ, ಬೇಸಿಗೆಗೆ ಭುವನಗಿರಿಯಾಚೆಯ ನಲ್ಲಗುಟ್ಟ ಎಂಬ ಕರಿಬಂಡೆ.

ನಡಿಗೆಯಲ್ಲಿ ಒಬ್ಬ ಮುಂದಾಳು, ಒಬ್ಬ ಹಿಂದಾಳು. ಹಿಂದಾಳು ಎಲ್ಲರಿಗಿಂತ ಕೊನೆಗೆ ನಡೆಯುವವನು. ಅವನು ಯಾರನ್ನೂ ದಾಟಿ ಹೋಗುವಂತಿಲ್ಲ. ಹಿಂದಿನ ಭಾನುವಾರವೇ ಒಬ್ಬನೇ ಹೋಗಿ ದಾರಿ ನೋಡಿ, ಇಷ್ಟು ಗಂಟೆಯೊಳಗೆ ನೆತ್ತಿ ಮುಟ್ಟಬೇಕು ಎಂದು ಚೀಟಿಯಲ್ಲಿ ಬರೆಯುವವನೂ ಅವನೇ. ಆ ಹೊತ್ತು ಮೀರಿದರೆ, ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು. ನಾಲ್ಕು ಋತುವಿನ ನಾಲ್ಕು ನಡಿಗೆಯನ್ನು ಹೊತ್ತಿನೊಳಗೆ ಮುಗಿಸಿದವರಿಗೆ ಶಿವಪ್ರಕಾಶರು ಒಂದು ಹಿತ್ತಾಳೆಯ ಸೀಟಿ ಕೊಡುತ್ತಿದ್ದರು. ಅಂದಿನಿಂದ ಅವರು ಮುಂದಾಳು.

ಸುಮಂಗಲಾ ಬಂದದ್ದು ಆ ಸೀಟಿಗಾಗಿ.

ಅವತ್ತು ಅನಂತಗಿರಿಯಲ್ಲಿ ಮಂಜು ಇಳಿದಿತ್ತು. ಕೆಂಪು ಕೆಸರು ಬೂಟಿಗೆ ಅಂಟಿ ಒಂದೊಂದು ಹೆಜ್ಜೆಯೂ ಎರಡು ಸೇರು ತೂಗುತ್ತಿತ್ತು. ಎಲ್ಲರೂ ಮುಂದೆ ಹೋದರು. ಹಿಂದೆ ಉಳಿದದ್ದು ಅವಳು, ಅವಳ ಹಿಂದೆ ಕೌಸ್ತುಭ. ಅವನು ಒಂದು ಮಾತನ್ನೂ ಆಡಲಿಲ್ಲ. ಬೇಗ ಬನ್ನಿ ಎನ್ನಲಿಲ್ಲ, ಕೈ ಹಿಡಿಯಲೂ ಬರಲಿಲ್ಲ. ಅವಳು ನಿಂತರೆ ನಿಲ್ಲುವುದು, ನಡೆದರೆ ನಡೆಯುವುದು, ಅಷ್ಟೇ.

ಮೇಲೆ ನೆತ್ತಿಯಲ್ಲಿ ಜನ ನಗುವುದು ಕೇಳಿಸತೊಡಗಿತು. ಇನ್ನೊಂದು ಏರು... ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. ಹೊತ್ತಾಯಿತು, ಇಲ್ಲಿಂದ ತಿರುಗಬೇಕು ಎಂದ.

ಅವಳು ತಿರುಗಿ ಅವನ ಮುಖ ನೋಡಿದಳು. ಅಳಲಿಲ್ಲ, ಜಗಳವಾಡಲಿಲ್ಲ. ಸುಮ್ಮನೆ ನೋಡಿದಳು. ಆಮೇಲೆ ಅವನನ್ನು ದಾಟಿಕೊಂಡು ಇಳಿಯತೊಡಗಿದಳು. ಕೆಳಗೆ ಅವನು ಸುಟ್ಟ ಮೆಕ್ಕೆಜೋಳದ ತೆನೆಯೊಂದನ್ನು ತಂದು ಚಾಚಿದಾಗ ಬೇಡ ಎಂದಳು. ಹಸಿವೆಯಿಂದ ಹೊಟ್ಟೆ ಚುರುಗುಟ್ಟುತ್ತಿದ್ದರೂ ಬೇಡ ಎಂದಳು. ಹಟ ಎಂದರೆ ಹಟ.

ಮನೆಯಲ್ಲಿ ಅವ್ವ ಗದಿಗೆಮ್ಮ ಬಿಸಿನೀರು ಕಾಯಿಸಿ ಕಾದಿದ್ದಳು. ಕಾಲಿಗೆ ಎಣ್ಣೆ ತಿಕ್ಕುತ್ತಾ ಗೊಣಗಿದಳು. ದೇವರು ಕೂತು ಉಣ್ಣುವ ನಸೀಬು ಕೊಟ್ಟಿದ್ದಾನೆ, ನೆರಳಲ್ಲಿ ಕೂಡುವ ನೌಕರಿ ಇದೆ, ಗುಡ್ಡ ಹತ್ತಿ ಯಾರಿಗೆ ತೋರಿಸಬೇಕಾಗಿದೆ ಎಂದು ಅವಳ ಪ್ರಶ್ನೆ.

ಆ ನೌಕರಿಯೇ ಸುಮಂಗಲಾಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಅಪ್ಪ ಹಂಪಯ್ಯ ರಾಯಚೂರು ಕಡೆಯಿಂದ ಬಂದು ರೈಲ್ವೆಯಲ್ಲಿ ಹಳಿ ಕಾಯುವ ಕೆಲಸಕ್ಕೆ ಸೇರಿದವನು. ದಿನಾ ಹಳಿಯ ಗುಂಟ ಮೈಲುಗಟ್ಟಲೆ ನಡೆದು ಕೀಲು ಬಿಗಿಮಾಡುತ್ತಿದ್ದವನು ಒಂದು ದಿನ ಎದೆನೋವಿನಿಂದ ತೀರಿಕೊಂಡ. ಅವನ ಜಾಗದ ಬದಲು ಮಗಳಿಗೆ ಸಿಕಂದರಾಬಾದಿನ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಆದೇಶದ ಕಾಗದದಲ್ಲೇ ಬರೆದಿತ್ತು: ಅನುಕಂಪದ ಆಧಾರದ ಮೇಲೆ.

ಅಲ್ಲಿಂದ ಇಲ್ಲಿಯವರೆಗೆ ಅವಳಿಗೆ ಬಂದದ್ದೆಲ್ಲ ಅನುಕಂಪದ ದಾರಿಯಲ್ಲೇ ಬಂದಿತ್ತು. ಬಸ್ಸಿನಲ್ಲಿ ಜನ ಎದ್ದು ಕೊಡುವ ಸೀಟು, ಕಚೇರಿಯಲ್ಲಿ ಯಾರೂ ಹೊರಿಸದ ಕಷ್ಟದ ಕೆಲಸ... ನೋಡಲು ಬಂದ ಮೂರು ಗಂಡಿನ ಮನೆಯವರೂ ಅವಳು ನಡೆಯುವುದನ್ನು ನೋಡಿ, ಎದ್ದು ಹೋಗುವಾಗ 'ಪಾಪ, ಹುಡುಗಿ ಬಂಗಾರದಂಥಾಕಿ' ಎಂದೇ ಹೋಗಿದ್ದರು.

ಯಾರ ಅನುಕಂಪವೂ ಇಲ್ಲದೆ, ತನ್ನ ಕಾಲಿನಿಂದ ತಾನೇ ಗಳಿಸಿದ ಒಂದೇ ಒಂದು ವಸ್ತು ಬೇಕಿತ್ತು ಅವಳಿಗೆ. ಅದು ಹಿತ್ತಾಳೆಯ ಸೀಟಿಯಾದರೂ ಸರಿ.

ಮರುದಿನದಿಂದ ಅವಳು ಮೌಲಾಲಿ ಗುಡ್ಡದ ಮೆಟ್ಟಿಲು ಹತ್ತತೊಡಗಿದಳು. ಮನೆಯಿಂದ ಹತ್ತಿರ, ನಾನೂರಕ್ಕೂ ಹೆಚ್ಚು ಮೆಟ್ಟಿಲು. ಕಚೇರಿಗೆ ಹೋಗುವ ಮುನ್ನ ಒಮ್ಮೆ ಹತ್ತಿ ಇಳಿಯುವುದು. ತಿಂಗಳ ಮೇಲೆ ಎರಡು ಸಲ. ಸ್ಟೇಷನ್ ರಸ್ತೆಯಲ್ಲಿ ಚಪ್ಪಲಿ ಹೊಲಿಯುವ ಸಾಬಣ್ಣನ ಹತ್ತಿರ ಕೂತು ಅಟ್ಟೆಯನ್ನು ಮೂರು ಸಲ ಬದಲಾಯಿಸಿಕೊಂಡಳು. ದಪ್ಪ ರಬ್ಬರು ಜಾರುತ್ತದೆ ಎಂದು ಹಳೆಯ ಲಾರಿ ಟೈರು ಕೊಯ್ದು ಹಚ್ಚಿಕೊಟ್ಟ ಸಾಬಣ್ಣ.

ಡಿಸೆಂಬರ್‌ನಲ್ಲಿ ರಾಚಕೊಂಡದ ಕೋಟೆಯ ನೆತ್ತಿಯನ್ನು ಅವಳು ಹೊತ್ತಿಗಿಂತ ಆರು ನಿಮಿಷ ಮೊದಲೇ ಮುಟ್ಟಿದಳು!

ಹಿಂದೆ ಬಂದ ಕೌಸ್ತುಭ ಚೀಟಿಗೆ ಸಹಿ ಹಾಕಿ ಅವಳ ಕೈಗಿಟ್ಟ. ಅವನ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು. ಬಂಡೆಯ ನೆರಳಿನಲ್ಲಿ ಕೂತು ಅವಳು ಗರಿಗರಿ ಕಟಿರೊಟ್ಟಿ, ಶೇಂಗಾಚಟ್ನಿ ಬಿಚ್ಚಿದಳು. ಅವನು ತನ್ನ ಡಬ್ಬಿಯ ಒಣ ಬ್ರೆಡ್ಡನ್ನು ಮುಚ್ಚಿಟ್ಟುಕೊಂಡು, ಕೇಳದೆಯೇ ಕೈ ಚಾಚಿದ. ಮಿಯಾಪುರದಲ್ಲಿ ಎಲ್ಲರೆದುರು ಕೇಳಿದ್ದು ತಪ್ಪಾಯಿತು ಎಂದು ಅವತ್ತು ಹೇಳಿದ. ಕೇಳದಿದ್ದರೆ ಹಿಂದೆ ನಡೆಯುವುದು ಹೇಗೆ ಎಂದು ಗೊತ್ತಾಗುತ್ತಿರಲಿಲ್ಲ, ಆದರೆ ಬದಿಗೆ ಕರೆದು ಕೇಳಬಹುದಿತ್ತು ಎಂದ.

ಫೆಬ್ರವರಿಯಲ್ಲಿ ದೇವರಕೊಂಡಕ್ಕೆ ಹೋದಾಗ ದಾರಿಯ ಎರಡೂ ಬದಿ ಮುತ್ತುಗ ಕೆಂಪಗೆ ಹೂಬಿಟ್ಟಿತ್ತು. ಅವನು ಹಿಂದಿನಿಂದ ಮಾತಾಡುತ್ತಾ ಬಂದ. ಅಬ್ಬೆಯ ಬಗ್ಗೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ದೂಡಿದ ದಿನಗಳ ಬಗ್ಗೆ. ಅವಳು ಅಪ್ಪನ ಬಗ್ಗೆ ಹೇಳಿದಳು. ಹೊರಗಿನವರ ಹತ್ತಿರ ಅವಳು ಅಪ್ಪನ ಮಾತೆತ್ತಿದ್ದು ಅದೇ ಮೊದಲು. ಒಬ್ಬರ ಮುಖ ಒಬ್ಬರು ನೋಡದೆ ಮಾತಾಡುವುದು ಎಷ್ಟು ಸುಲಭ ಎಂದು ಅವಳಿಗೆ ಅನಿಸಿತು.

ಹಿಂದೆ ಅವನ ಹೆಜ್ಜೆ ಕೇಳಿಸುತ್ತಿದ್ದರೆ ಸಾಕು, ಅವಳ ಉಸಿರು ತಾನಾಗಿ ಹದಕ್ಕೆ ಬರುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಆ ಹೆಜ್ಜೆಯ ಸದ್ದಿಲ್ಲದೆ ಏನೋ ಖಾಲಿ ಖಾಲಿ...

'ಹುಚ್ಚಿ,' ಎಂದು ತನಗೆ ತಾನೇ ಬೈದುಕೊಂಡಳು. 'ಸೀಟಿಗಂತ ಬಂದಾಕಿ ನೀ.'

ಮೇ ತಿಂಗಳಲ್ಲಿ ನಲ್ಲಗುಟ್ಟ. ಅಲ್ಲಿ ಗಿಡದ ನೆರಳಿಲ್ಲ, ಬರೀ ಬಂಡೆ. ಬಿಸಿಲು ಏರುವ ಮುನ್ನ ಹತ್ತಿ ಇಳಿದುಬಿಡಬೇಕು. ಅವಳು ಹಲ್ಲು ಕಚ್ಚಿ ಹತ್ತಿದಳು, ಹೊತ್ತಿನೊಳಗೇ ಮುಟ್ಟಿದಳು. ಆದರೆ ಅವಳಿಗಾಗಿ ಮೇಲೆ ಕಾದಿದ್ದವರೆಲ್ಲ ಇಳಿಯುವಾಗ ಬಂಡೆ ಕಾದ ಹಂಚಾಗಿತ್ತು. ಶಿವಪ್ರಕಾಶರಿಗೆ ಕಣ್ಣು ಕತ್ತಲೆ ಬಂದು ಕೂತಲ್ಲೇ ವಾಲಿದರು. ಒದ್ದೆ ಟವೆಲು ಹೊದಿಸಿ, ಉಪ್ಪು ಸಕ್ಕರೆ ನೀರು ಕುಡಿಸಿ, ನಾಲ್ಕು ಜನ ಹೊತ್ತು ಇಳಿಸಬೇಕಾಯಿತು. ವಯಸ್ಸಾಯಿತಲ್ಲ ಎಂದರು ಎಲ್ಲರೂ. ಕೌಸ್ತುಭ ಮಾತ್ರ ಆ ದಿನವಿಡೀ ಯಾರ ಮುಖವನ್ನೂ ನೋಡಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಆಗಸ್ಟ್‌ನಲ್ಲಿ ಮತ್ತೆ ಅನಂತಗಿರಿ. ಈ ಸಲ ಅವಳು ನೆತ್ತಿ ಮುಟ್ಟಿದಳು. ನಾಲ್ಕಕ್ಕೆ ನಾಲ್ಕು!

ಕೆಳಗೆ ಚಹದಂಗಡಿಯ ಮುಂದೆ ಎಲ್ಲರೂ ಸುತ್ತುಗಟ್ಟಿ ನಿಂತರು. ಶಿವಪ್ರಕಾಶರು ಜೇಬಿನಿಂದ ಸೀಟಿ ತೆಗೆದು ಶರ್ಟಿನ ತುದಿಗೆ ಒರೆಸಿದರು. ಸುಮಂಗಲಾ ಕೈ ಚಾಚಿದಳು.

ಅಷ್ಟರಲ್ಲಿ ತನ್ವಿ ಬಾಯಿ ಹಾಕಿದಳು. ಮೈಸೂರಿನ ಈ ಹುಡುಗಿ ಬಳಗದ ಫೋಟೊ, ಚೀಟಿಗಳ ಪ್ರತಿಗಳನ್ನೆಲ್ಲ ಜೋಡಿಸಿಡುವವಳು. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನಾಲಿಗೆಗೆ ಮಾತ್ರ ಕಡಿವಾಣವಿಲ್ಲ.

"ಒಂದು ತಮಾಷೆ ಗೊತ್ತಾ?" ಎಂದಳು. "ಹಿಂದಿನ ವರ್ಷದ ಚೀಟಿ ಪಕ್ಕದಲ್ಲಿಟ್ಟು ನೋಡ್ದೆ. ಈ ಸಲ ನಾಲ್ಕು ನಡಿಗೆಗೂ ಹೊತ್ತು ನಲವತ್ತು ನಿಮಿಷ ಜಾಸ್ತಿ ಇದೆ. ಕೌಸ್ತುಭ, ನಿಮಗೂ ವಯಸ್ಸಾಯ್ತಾ?"

ಯಾರೂ ನಗಲಿಲ್ಲ. ಬೇಗ ಹತ್ತುವವರು ಹೊತ್ತಿನ ಕಡೆ ನೋಡುವುದೇ ಇಲ್ಲ. ಹಾಗಾಗಿ ವರ್ಷವಿಡೀ ಯಾರಿಗೂ ಅದು ಗೊತ್ತಾಗಿರಲಿಲ್ಲ. ಈಗ ಎಲ್ಲರ ಕಣ್ಣೂ ಕೌಸ್ತುಭನ ಕಡೆ ಹೋದವು, ಆಮೇಲೆ ಮೆಲ್ಲಗೆ ಸುಮಂಗಲಾಳ ಎಡಗಾಲಿನ ಕಡೆ.

ಅವಳು ಕೌಸ್ತುಭನ ಕಡೆ ತಿರುಗಿದಳು.

"ಖರೇ ಏನ್ರಿ?"

ಕೌಸ್ತುಭ ತಲೆ ತಗ್ಗಿಸಿದ. "ಹೌದು."

"ನನ್ನ ಸಲುವಾಗಿ?"

"ಹೌದು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನನ್ನ ನೌಕರಿ ಅನುಕಂಪದ್ದು," ಎಂದಳು. "ಬಸ್ಸಿನ್ಯಾಗಿನ ಸೀಟು ಅನುಕಂಪದ್ದು. ನನ್ನ ನೋಡಾಕ ಬಂದವರು ಎದ್ದು ಹೋಗುವಾಗ ಆಡೋ ಮಾತೂ ಅನುಕಂಪದ್ದು. ಇದೊಂದು ನಂದು ಅನ್ಕೊಂಡಿದ್ದೆ. ಇದನ್ನೂ ನೀವ ಕೊಟ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ಮತ್ತ ಒಂದು ಮಾತು. ಬ್ಯಾಸಗಿಯಾಗ ಶಿವಪ್ರಕಾಶ ಕಾಕಾರು ಬಂಡೆ ಮ್ಯಾಲ ಬಿದ್ದಿದ್ದು ನನ್ನ ಆ ನಲವತ್ತು ನಿಮಿಷದಾಗ. ಅವರಿಗೇನರ ಆಗಿತ್ತಂದ್ರ ನಾ ಯಾವ ಮುಖ ಹೊತ್ಕೊಂಡು ಅಡ್ಡಾಡಬೇಕಿತ್ತು?"

ಕೌಸ್ತುಭನ ಮುಖ ಕಪ್ಪಿಟ್ಟಿತು. ಮೇ ತಿಂಗಳಿಂದ ಅವನು ಒಬ್ಬನೇ ನುಂಗಿಕೊಂಡಿದ್ದ ಮಾತು ಅದು. ಅದು ಗೊತ್ತಿದ್ದೂ ಈ ಮಳೆಗಾಲದ ಚೀಟಿಯಲ್ಲಿ ಮತ್ತೆ ನಲವತ್ತು ನಿಮಿಷ ಸೇರಿಸಿದ್ದ. ಮಳೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಸುಮಂಗಲಾ ನಾಲ್ಕೂ ಚೀಟಿಗಳನ್ನು ಚಹದ ಮೇಜಿನ ಮೇಲಿಟ್ಟಳು. ಶಿವಪ್ರಕಾಶರಿಗೆ ಕೈಮುಗಿದು, ಸೀಟಿ ನಿಮ್ಮ ಹತ್ತಿರವೇ ಇರಲಿ, ಹಳೆಯ ಹೊತ್ತಿನಲ್ಲಿ ನಾಲ್ಕನ್ನೂ ಮತ್ತೆ ಹತ್ತುತ್ತೇನೆ, ಹಿಂದಾಳಾಗಿ ನೀವೇ ಬರಬೇಕು ಎಂದು ಕೇಳಿಕೊಂಡಳು.

ಮುದುಕರು ಸೀಟಿಯನ್ನು ಮತ್ತೆ ಜೇಬಿಗಿಟ್ಟರು. "ಯಾವಾಗಿಂದವಾ?"

"ಬರೋ ಭಾನುವಾರದಿಂದ್ರಿ."

ಆ ವಾರ ಕೌಸ್ತುಭ ಎಷ್ಟೋ ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ. ಉದ್ದುದ್ದ ಸಂದೇಶಗಳು ಬಂದವು. ಎಲ್ಲವನ್ನೂ ಓದಿದಳು, ಒಂದನ್ನು ಎರಡು ಸಲ ಓದಿದಳು. ಕೊನೆಗೆ ಒಂದೇ ಸಾಲು ಬರೆದಳು: 'ಇನ್ನ ಮ್ಯಾಲ ನೀವು ನನ್ನ ಹಿಂದ ಬರಬ್ಯಾಡ್ರಿ.'

ಅವನು ಬರಲಿಲ್ಲ. ಹಿಂದಾಳುತನ ಬಿಟ್ಟ. ತಪ್ಪನ್ನು ಬಳಗದ ಎದುರು ಒಪ್ಪಿಕೊಂಡು, ಹಳೆಯ ಹೊತ್ತುಗಳನ್ನೇ ಮತ್ತೆ ಬರೆದುಕೊಟ್ಟ. ನಡಿಗೆಗೆ ಬಂದರೂ ಎಲ್ಲರಿಗಿಂತ ಮುಂದೆ ಹೋಗಿಬಿಡುತ್ತಿದ್ದ.

ಅನಂತಗಿರಿ ಅವಳಿಗೆ ಮೂರನೆಯ ಭಾನುವಾರ ದಕ್ಕಿತು. ಮೊದಲ ಸಲ ಇಪ್ಪತ್ತು ನಿಮಿಷ ತಡ, ಎರಡನೆಯ ಸಲ ಏಳು. ರಾಚಕೊಂಡ ಎರಡನೆಯ ಯತ್ನಕ್ಕೆ ಆಯಿತು. ದೇವರಕೊಂಡ ಮೊದಲನೆಯದಕ್ಕೇ! ಅವತ್ತು ನೆತ್ತಿಯ ಮೇಲೆ ನಿಂತು ಅವಳು ಕೆಳಗಿನ ಮುತ್ತುಗದ ಕಾಡನ್ನು ನೋಡಿದಳು. ಗೆದ್ದದ್ದು ತಾನೇ, ತನ್ನ ಕಾಲೇ. ಆದರೂ ಹಿಂತಿರುಗಿ ನೋಡಿದಾಗ ಶಿವಪ್ರಕಾಶರು ಕೆಮ್ಮುತ್ತಾ ನೀರು ಕುಡಿಯುತ್ತಿದ್ದರು. ಅವಳಿಗೆ ಬೇಕಾದವನು ಅಲ್ಲಿರಲಿಲ್ಲ.

ಅವನ ಮೇಲೆ ಸಿಟ್ಟು ಇನ್ನೂ ಇತ್ತು. ಅವನಿಲ್ಲದ ನೋವೂ ಇತ್ತು. ಎರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಎಂದು ಕೇಳಿದರೆ, ಪ್ರೀತಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದದ್ದು ನಲ್ಲಗುಟ್ಟ ಒಂದೇ.

ಏಪ್ರಿಲ್ ಕೊನೆಗೆ ಶಿವಪ್ರಕಾಶರು ಮನೆಗೆ ಕರೆಸಿದರು. ಬಿಸಿಲಲ್ಲಿ ಕಾಲಿಡಬೇಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಬಂಡೆಯ ಒಂದೊಂದು ಬಿರುಕನ್ನೂ ಬಲ್ಲವನು ಬಳಗದಲ್ಲಿ ಇನ್ನೊಬ್ಬನೇ.

"ಆ ಹುಡುಗ ತಪ್ಪು ಮಾಡ್ಯಾನ, ಖರೆ," ಎಂದರು. "ಆದ್ರ ಮತ್ತ ಮಾಡ್ತಾನೋ ಇಲ್ಲೋ ಅಂತ ನನಗ ಗೊತ್ತಿಲ್ಲ. ನೋಡಬೇಕಂದ್ರ ನೀನ ಕರೀಬೇಕು."

ನಾಲ್ಕು ದಿನ ಯೋಚಿಸಿದಳು. ಐದನೆಯ ದಿನ ಕಚೇರಿಯ ಊಟದ ಬಿಡುವಿನಲ್ಲಿ ಫೋನು ಮಾಡಿದಳು. ಮೊದಲ ರಿಂಗಿಗೇ ಅವನು ಎತ್ತಿದ.

"ಭಾನುವಾರ ನಲ್ಲಗುಟ್ಟಕ್ಕ ಹಿಂದಾಳು ಬೇಕಾಗ್ಯಾರ," ಎಂದಳು. "ಹೊತ್ತು ಹೇಳಾಕ ಬರತೈತೇನ್ರಿ ನಿಮಗ?"

"ಹೇಳ್ತೇನೆ," ಎಂದ ಕೌಸ್ತುಭ.

ಭಾನುವಾರ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಹತ್ತಲು ಶುರುಮಾಡಿದರು. ಚೀಟಿಯಲ್ಲಿ ಬರೆದ ಹೊತ್ತು ಎಂಟು ಗಂಟೆ. ಮೊದಲ ಅರ್ಧ ತಾಸು ಅವಳ ಕಾಲು ಹೇಳಿದಂತೆ ಕೇಳಿತು. ಹಿಂದೆ ಆ ಹೆಜ್ಜೆಯ ಸದ್ದು... ಒಂಬತ್ತು ತಿಂಗಳ ಮೇಲೆ ಕೇಳಿದ ಸದ್ದು.

ಏಳು ಗಂಟೆಗೆ ಬಂಡೆ ಬೆಚ್ಚಗಾಗತೊಡಗಿತು. ನಡುಬಂಡೆಯ ಬಿರುಕಿನಲ್ಲಿ ಕೈಯೂರಿ ಏರುವಲ್ಲಿ ಅವಳ ಎಡಗಾಲು ಜಾರಿತು. ಮೊಣಕಾಲು ತರಚಿ ರಕ್ತ ಬಂತು. ಅವನು ಬ್ಯಾಂಡೇಜು ಕೊಟ್ಟ, ಕಟ್ಟಲು ಬರಲಿಲ್ಲ. ಅವಳೇ ಕಟ್ಟಿಕೊಂಡಳು. ಅಷ್ಟರಲ್ಲಿ ಒಂಬತ್ತು ನಿಮಿಷ ಹೋಯಿತು.

ಆಮೇಲೆ ಅವಳು ಏರಿದ್ದು ಕಾಲಿನಿಂದಲ್ಲ, ಹಟದಿಂದ. ಕೂತು ಸರಿದಳು, ಕೈಯಿಂದ ಎಳೆದುಕೊಂಡಳು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಮೇಲಿನವರು ಕಾಣತೊಡಗಿದರು. ತನ್ವಿ ಬಗ್ಗಿ ಅವಳ ಹೆಸರು ಕರೆಯುತ್ತಿದ್ದಳು.

ಕೊನೆಯ ಹಾಸುಬಂಡೆ. ಇಪ್ಪತ್ತು ಹೆಜ್ಜೆ ಇರಬಹುದು, ಇಪ್ಪತ್ತೈದು ಇರಬಹುದು.

ಹಿಂದಿನ ಹೆಜ್ಜೆ ನಿಂತಿತು.

ಸುಮಂಗಲಾಳೂ ನಿಂತಳು. ಅವಳಿಗೆ ಅರ್ಥವಾಯಿತು. ಮೇಲಿದ್ದವರಿಗೂ ಅರ್ಥವಾಯಿತು. ಬಿಟ್ಟುಬಿಡಿ ಕೌಸ್ತುಭ, ಎರಡು ನಿಮಿಷದ ಮಾತು, ಯಾರು ನೋಡುತ್ತಾರೆ ಎಂದು ಮೇಲಿನಿಂದ ಎಲ್ಲರೂ ಕೂಗತೊಡಗಿದರು. ಅವಳ ಒಳಗಿನಿಂದಲೂ ಒಂದು ದನಿ ಕೂಗಿತು. 'ಎರಡು ನಿಮಿಷ... ಬರೇ ಎರಡು ನಿಮಿಷ. ಅವ ಸುಮ್ಮನಿದ್ರ ಸಾಕು.'

ಅವನು ಸುಮ್ಮನಿದ್ದುಬಿಟ್ಟರೆ? ನೆತ್ತಿ ಸಿಗುತ್ತದೆ, ಸೀಟಿ ಸಿಗುತ್ತದೆ. ಇವನು ಮಾತ್ರ ಇನ್ನೆಂದೂ ಸಿಗುವುದಿಲ್ಲ. ಅವಳು ಕಣ್ಣು ಮುಚ್ಚಿ ಕಾದಳು.

"ಸುಮಂಗಲಾ." ಅವನ ದನಿ ನಡುಗುತ್ತಿತ್ತು. "ಎಂಟಾಯಿತು. ಇಲ್ಲಿಂದ ತಿರುಗಬೇಕು."

ಅವಳು ತಿರುಗಿದಳು.

ಅವನ ಕಣ್ಣು ತುಂಬಿತ್ತು. ಆದರೂ ತಲೆ ತಗ್ಗಿಸಿರಲಿಲ್ಲ. ಅವಳ ಮುಖವನ್ನೇ ನೇರವಾಗಿ ನೋಡುತ್ತಾ ನಿಂತಿದ್ದ, ಬೈದರೆ ಬೈಸಿಕೊಳ್ಳುತ್ತೇನೆ, ಆದರೆ ಮಾತು ಬದಲಾಯಿಸುವುದಿಲ್ಲ ಎನ್ನುವ ಹಾಗೆ.

ಸುಮಂಗಲಾಳಿಗೆ ಅಳು ಬಂತು. ಇಪ್ಪತ್ತು ಹೆಜ್ಜೆ ಸಿಗದ್ದಕ್ಕೆ ಬಂತು, ಮೊಣಕಾಲಿನ ಉರಿಗೂ ಬಂತು. ಆ ಅಳುವಿನ ಅಡಿಯಿಂದಲೇ ಒಂದು ಸಂತೋಷ ಎದ್ದು ಬಂತು. ಯಾವ ನೆತ್ತಿಯ ಮೇಲೂ ಅವಳಿಗೆ ಅಂಥ ಸಂತೋಷ ಆಗಿರಲಿಲ್ಲ. ಮೊದಲ ಬಾರಿಗೆ ಒಬ್ಬ ಮನುಷ್ಯ ಅವಳಿಗೆ ಏನನ್ನೂ ದಾನ ಮಾಡಿರಲಿಲ್ಲ.

ಮೇಲೆ ನೋಡಿ, ನಾನು ಇಳಿಯುತ್ತಿದ್ದೇನೆ, ನೀವೂ ಬಿಸಿಲೇರುವ ಮುನ್ನ ಇಳಿಯಿರಿ ಎಂದು ಕೂಗಿ ಹೇಳಿದಳು. ಎಲ್ಲರೂ ಅವಳ ಮಾತು ಕೇಳಿ ಸುಮ್ಮನೆ ಇಳಿಯಲು ಸಜ್ಜಾದರು.

ಅರ್ಧ ದಾರಿಯಲ್ಲಿ ಚಾಚಿದ ಬಂಡೆಯೊಂದರ ಕೆಳಗೆ ಅಂಗೈಯಗಲ ನೆರಳಿತ್ತು. ಇಬ್ಬರೂ ಕೂತರು. ಅವನು ನೀರಿನ ಬಾಟಲಿ ಕೊಟ್ಟ, ಅವಳು ತೆಗೆದುಕೊಂಡಳು.

"ಯಾಕ ಮಾಡಿದ್ರಿ ಆವಾಗ?" ಎಂದು ಕೇಳಿದಳು. ಒಂಬತ್ತು ತಿಂಗಳಲ್ಲಿ ಅವಳು ಕೇಳದೆ ಉಳಿಸಿದ್ದ ಪ್ರಶ್ನೆ.

ಅವನು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತ. "ಮೊದಲ ದಿನ ಅನಂತಗಿರಿಯಲ್ಲಿ ತಿರುಗಿ ಅಂತ ಹೇಳಿದೆ ಅಲ್ವಾ... ನೀವು ನನ್ನನ್ನು ಒಮ್ಮೆ ನೋಡಿದ್ರಿ. ಆ ಮುಖ ಇನ್ನೊಂದು ಸಲ ನೋಡುವ ಧೈರ್ಯ ನನಗೆ ಇರ್ಲಿಲ್ಲ. ನಿಮ್ಮ ಕೈಯಲ್ಲಿ ಆಗ್ಲಿಕ್ಕಿಲ್ಲ ಅಂತ ಅಲ್ಲ ಮಾರಾಯ್ರೆ. ಆಗದೇ ಇದ್ದದ್ದು ನನ್ನ ಕೈಯಲ್ಲಿ."

"ಇವತ್ತು ಹೆಂಗ ಬಂತು ಧೈರ್ಯ?"

"ಬರ್ಲಿಲ್ಲ. ಹೆದರಿಕೊಂಡೇ ಹೇಳಿದ್ದು."

ಅವಳಿಗೆ ನಗು ಬಂತು. ಒದ್ದೆ ಕಣ್ಣಿನಲ್ಲೇ ನಕ್ಕಳು. ಅವನು ಅವಳ ಕಡೆ ತಿರುಗಿದ.

"ಸುಮಂಗಲಾ, ನಾನು ನಿಮ್ಮನ್ನು ಪ್ರೀತಿಸ್ತೇನೆ. ರಾಚಕೊಂಡದ ದಿನದಿಂದ. ಹೇಳುವ ಯೋಗ್ಯತೆ ನಾನೇ ಕಳೆದುಕೊಂಡಿದ್ದೆ. ನನ್ನನ್ನು ಮದುವೆ ಆಗ್ತೀರಾ?"

ಗಾಳಿ ಬಿಸಿಯಾಗಿ ಬೀಸುತ್ತಿತ್ತು. ಮೇಲಿನಿಂದ ತನ್ವಿಯ ಮಾತು ಹತ್ತಿರವಾಗುತ್ತಿತ್ತು. ಕೇಳಲೇಬೇಕಾದದ್ದನ್ನು ಸುಮಂಗಲಾ ಕೇಳಿಯೇ ಬಿಟ್ಟಳು.

"ಅನುಕಂಪದಿಂದ ಕೇಳಾಕತ್ತೀರೇನು?"

"ಅನುಕಂಪ ಇದ್ದಿದ್ರೆ ಆಗ ಮೇಲೆ ಹೋಗ್ಲಿಕ್ಕೆ ಬಿಡ್ತಿದ್ದೆ."

ಅವಳು ತರಚಿದ ಅಂಗೈಯನ್ನು ಅವನ ಅಂಗೈಯ ಮೇಲಿಟ್ಟಳು. ಅವನ ಬೆರಳುಗಳು ಹುಷಾರಾಗಿ ಮುಚ್ಚಿಕೊಂಡವು. ಸಂಜೆ ಮನೆಗೆ ಬಂದು ಅವ್ವನ ಹತ್ತಿರ ಮಾತಾಡಿ ಎಂದಳು. ಬರುತ್ತೇನೆ ಎಂದ.

ತನ್ವಿ ಮತ್ತು ಉಳಿದವರು ನೆರಳಿನ ಹತ್ತಿರ ಬಂದು, ಇಬ್ಬರನ್ನೂ ನೋಡಿ, ಅಪರೂಪಕ್ಕೆ ಒಂದು ಮಾತೂ ಆಡದೆ ಮುಂದೆ ಇಳಿದು ಹೋದರು. ಸುಮಂಗಲಾ ಬಂಡೆಗೆ ಕೈಯೂರಿ ಎದ್ದಳು.

"ಮುಂದಿನ ಭಾನುವಾರ?" ಎಂದು ಕೇಳಿದ ಕೌಸ್ತುಭ.

"ಬರ್ತೀನಿ. ಆಗಲಿಲ್ಲಂದ್ರ ಅದರ ಮುಂದಿನ ಭಾನುವಾರ. ಈ ಬ್ಯಾಸಗಿಯಾಗ ಆಗಲಿಲ್ಲಂದ್ರ ಬರೋ ಬ್ಯಾಸಗಿ."

"ನಾನು ಹಿಂದೆ ಇರ್ತೇನೆ."

"ಗುಡ್ಡ ಹತ್ತುವಾಗ ಹಿಂದ ಇರ್ರಿ. ಎಂಟಾದ್ರ ಎಂಟಾತು ಅನ್ರಿ."

"ಉಳಿದ ಹೊತ್ತಿನಲ್ಲಿ?"

ಸುಮಂಗಲಾ ನಾಲ್ಕು ಹೆಜ್ಜೆ ಇಳಿದು, ಬಂಡೆ ಅಗಲವಾದಲ್ಲಿ ನಿಂತು, ಅವನಿಗೆ ಜಾಗ ಬಿಟ್ಟಳು.

"ಉಳಿದ ಹೊತ್ತಿನ್ಯಾಗ ಬಾಜೂಕ ನಡೀರಿ."